ಓಬಳೇಶ್ ಕಳಿಸಿದ ತೇಪೆಗಳು

ಹಸಿರು ಬಸ್ಸಿನ ಕಂಡಕ್ಟರ್ ಓಬಳೇಶನ ಬಗ್ಗೆ ಬರೆಯಲು ಕೂತು ಮೂರು ಸಲ ಹಾಳೆ ಹರಿದು ಹಾಕಿದೆ. ಮೂರು ಸಲವೂ ಅವನನ್ನು ಇದ್ದುದಕ್ಕಿಂತ ಸ್ವಲ್ಪ ಕುಳ್ಳಗೆ, ಸ್ವಲ್ಪ ಜಂಬಗಾರನಾಗಿ ಬರೆದುಬಿಟ್ಟಿದ್ದೆ. ಅವನು ಎತ್ತರದ ಆಳು. ಜಂಬ ಅವನಲ್ಲಿ ಇರಲಿಲ್ಲ. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಸರಿಯಾಗಿ ಬರೆಯಬಹುದೆಂದು ಈ ಸಲ ಹೀಗೆ ಶುರು ಮಾಡಿದ್ದೇನೆ.

ಹಂದನಕೆರೆಯಿಂದ ಆಚೆ ಒಂದು ಗೊಲ್ಲರಹಟ್ಟಿ ಅವನ ಊರು. ಅಪ್ಪ ಕ್ಯಾತಣ್ಣನಿಗೆ ನಲವತ್ತು ಕುರಿ. ಓಬಳೇಶ್ ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಎರಡು ವರ್ಷ ಕುರಿ ಕಾಯ್ದು, ಹತ್ತೊಂಬತ್ತನೇ ವಯಸ್ಸಿಗೆ ಹಸಿರು ಬಸ್ಸು ಹತ್ತಿದ. ಆ ಖಾಸಗಿ ಬಸ್ಸಿಗೆ ಮುಂದೆ ಏನೋ ದೇವರ ಹೆಸರು ಬರೆದಿದೆ, ಆದರೆ ಎಲ್ಲರೂ ಅದನ್ನು ಬಣ್ಣದಿಂದಲೇ ಕರೆಯುತ್ತಾರೆ. ಹಂದನಕೆರೆ ಕಡೆಯಿಂದ ತಿಪಟೂರಿಗೆ ದಿನಕ್ಕೆ ಮೂರು ಸಲ ಬಂದು ಹೋಗುತ್ತದೆ. ದಾರಿಯಲ್ಲಿ ಯಾರು ಎಲ್ಲಿ ಇಳಿಯುತ್ತಾರೆಂದು ಅವನು ಕೇಳುವುದೇ ಇಲ್ಲ, ಮುಖ ನೋಡಿ ಟಿಕೆಟ್ ಹರಿಯುತ್ತಾನೆ. ಬಾಣಂತಿಯ ಔಷಧಿ, ಪಂಪ್‌ಸೆಟ್ಟಿನ ವಾಷರು, ಬೀಗರಿಗೆ ಹೇಳಬೇಕಾದ ಮಾತು, ಇವೆಲ್ಲ ಅವನ ಕೈಯಲ್ಲಿ ಊರಿಂದ ಊರಿಗೆ ಹೋಗುತ್ತವೆ. ಒಂದೂ ಬೇರೆ ಮನೆಗೆ ಹೋದದ್ದಿಲ್ಲ.

ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಮೊದಲು ಬಸ್ಸಿನ ವೇಳೆಯ ಪಟ್ಟಿಯ ವಿಷಯ ಹೇಳಬೇಕು. ಪಟ್ಟಿ ನನ್ನದು.

2006ರಲ್ಲಿ ನಾನು ಪಿಯುಸಿಗೆ ಹೋಗುವುದನ್ನು ನಿಲ್ಲಿಸಿದ್ದೆ. ನನ್ನ ಅಮ್ಮ ಸಿದ್ದಮ್ಮ ಮಂಡಿಯಲ್ಲಿ ಕೊಬ್ಬರಿ ಒಡೆಯುವ ಕೆಲಸಕ್ಕೆ ಹೋಗುತ್ತಾಳೆ. ಮನೆಯಲ್ಲಿ ಸುಮ್ಮನೆ ಕೂರಬೇಡವೆಂದು ಅವಳೇ ನನ್ನನ್ನು ಬಸ್‌ಸ್ಟ್ಯಾಂಡ್ ಹಿಂದಿನ ಜ್ಯೋತಿಲಕ್ಷ್ಮಿ ಮಿಸ್ ಅವರ ಕಂಪ್ಯೂಟರ್ ಇನ್‌ಸ್ಟಿಟ್ಯೂಟಿಗೆ ಬಿಟ್ಟಳು. ಅದು ಮೊದಲು ಅವರ ತಂದೆ ನಡೆಸುತ್ತಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟ್. ತಂದೆ ಹೋದ ಮೇಲೆ ಮಿಸ್ ಹನ್ನೆರಡು ಟೈಪ್‌ರೈಟರನ್ನು ತೂಕಕ್ಕೆ ಹಾಕಿ, ನಾಲ್ಕು ಹಳೇ ಕಂಪ್ಯೂಟರ್ ತಂದರು. ಊರಿನ ಬೇರೆ ಕಡೆಯೆಲ್ಲ ವಿಂಡೋಸ್‌ನ ಕದ್ದ ಪ್ರತಿ ಹಾಕಿಕೊಂಡಿದ್ದರು. ಮಿಸ್ ಮಾತ್ರ ವಿಂಡೋಸ್ ಬದಲು ಲಿನಕ್ಸ್ ಹಾಕಿದರು. ಇಂಟರ್‌ನೆಟ್ಟಿನಲ್ಲಿ ವಿಳಾಸ ಬರೆದು ಕಳಿಸಿದರೆ ಎರಡು ತಿಂಗಳಿಗೆ ವಿದೇಶದಿಂದ ಪೋಸ್ಟಿನಲ್ಲಿ ಸಿಡಿ ಬರುತ್ತಿತ್ತು, ಪುಕ್ಕಟೆ. ಪೋಸ್ಟ್‌ಮ್ಯಾನ್ ಆ ಲಕೋಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, “ಏನ್ ಮೇಡಂ, ಫಾರಿನ್ನಿಂದ ಗಂಡು ಏನಾದ್ರೂ ಫೋಟೋ ಕಳ್ಸವ್ನಾ?” ಎನ್ನುತ್ತಿದ್ದ.

“ಪುಕ್ಕಟೆ ಸಿಗದು ದೊಡ್ಡದಲ್ಲ ಕಣೇ,” ಎಂದು ಮಿಸ್ ಮೊದಲ ದಿನವೇ ಹೇಳಿದ್ದರು. “ಒಳಗೆ ಏನೈತೆ ಅಂತ ಬಿಚ್ಚಿ ನೋಡಕ್ಕೆ ಬಿಡ್ತಾರಲ್ಲ, ಅದು ದೊಡ್ಡದು. ಸರಿ ಇಲ್ದಿದ್ರೆ ನೀನೇ ತಿದ್ಬೋದು. ತಿದ್ದಿದ್ದನ್ನ ಇನ್ನೊಬ್ರಿಗೆ ಕೊಡ್ಬೋದು.”

ನನಗೆ ಅವರು ಒಂದು ಕೆಲಸ ಕೊಟ್ಟರು. ತಿಪಟೂರು ಬಸ್‌ಸ್ಟ್ಯಾಂಡಿನಲ್ಲಿ ಯಾವ ಊರಿಗೆ ಎಷ್ಟು ಹೊತ್ತಿಗೆ ಬಸ್ಸು ಎಂದು ಎಲ್ಲೂ ಬರೆದಿರಲಿಲ್ಲ. ಅದನ್ನು ಬರೆದು ತರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ತಿಂಗಳು ದಿನವೂ ಕಲ್ಲುಬೆಂಚಿನ ಮೇಲೆ ನೋಟ್‌ಬುಕ್ಕು, ಕೈಗಡಿಯಾರ ಇಟ್ಟುಕೊಂಡು ಕೂತೆ. ತುರುವೇಕೆರೆಗೆ, ಹೊನ್ನವಳ್ಳಿಗೆ, ಅರಳಗುಪ್ಪೆಗೆ, ಹುಳಿಯಾರಿಗೆ ಹೋಗುವ ಬಸ್ಸುಗಳೆಲ್ಲ ಸೇರಿ ತೊಂಬತ್ತನಾಲ್ಕು. ಪ್ರತಿಯೊಂದೂ ಬಂದ ನಿಮಿಷ, ಹೊರಟ ನಿಮಿಷ ಬರೆದೆ. ಒಬ್ಬ ಕಂಡಕ್ಟರನ್ನೂ ಒಂದು ಮಾತೂ ಕೇಳಲಿಲ್ಲ. ಕೇಳಲು ನನಗೆ ಆಗುತ್ತಿರಲಿಲ್ಲ. ಯಾವುದಾದರೂ ಬಸ್ಸು ಒಂದು ದಿನ ಬಾರದಿದ್ದರೆ “ಕೆಟ್ಟಿರಬೇಕು” ಎಂದು ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದೆ.

ಆಮೇಲೆ ಮಿಸ್ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸಿದರು. ಊರಿನ ಹೆಸರು ಕೊಟ್ಟರೆ ಮುಂದಿನ ಮೂರು ಬಸ್ಸು ಯಾವುವೆಂದು ಹೇಳುವ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಮಿಸ್ ಅದಕ್ಕೆಂದೇ ಒಂದು ವೆಬ್‌ಸೈಟ್ ಮಾಡಿದರು. ಯಾರು ಬೇಕಾದರೂ ಇದನ್ನು ತೆಗೆದುಕೊಳ್ಳಬಹುದು, ತಿದ್ದಬಹುದು, ಹಂಚಬಹುದು, ಆದರೆ ತಿದ್ದಿದ್ದನ್ನೂ ಹೀಗೇ ಎಲ್ಲರಿಗೂ ಬಿಡಬೇಕು ಎಂಬ ಲೈಸೆನ್ಸನ್ನು ನಾನೇ ನನ್ನ ಕೈಯಾರೆ ಅದರಲ್ಲಿ ಸೇರಿಸಿದೆ. ಫೈಲಿನ ಮೊದಲ ಸಾಲಿನಲ್ಲಿ “ಸಿದ್ಧಪಡಿಸಿದವರು: ದಿವ್ಯ ಎಸ್., ತಿಪಟೂರು” ಎಂದು ಬರೆದೆ. ದಿನಕ್ಕೆ ಎರಡು ಮೂರು ಸಲ ಆ ಸಾಲನ್ನು ತೆರೆದು ನೋಡುತ್ತಿದ್ದೆ. ನನ್ನದು ಎಂದು ಹೇಳಿಕೊಳ್ಳಲು ನನ್ನ ಬಳಿ ಅದೊಂದೇ ಇತ್ತು.

ನವೆಂಬರ್ ತಿಂಗಳಲ್ಲಿ ಒಂದು ದಿನ ಹನ್ನೊಂದೂವರೆಗೆ ಓಬಳೇಶ್ ಒಳಗೆ ಬಂದ. ಕೊರಳಲ್ಲಿ ವಿಷಲ್, ಕೈಯಲ್ಲಿ ಯಾರೋ ಪ್ರಿಂಟ್ ತೆಗೆದುಕೊಟ್ಟಿದ್ದ ನನ್ನ ಪಟ್ಟಿ.

“ಇದ ಬರ್ದೋರು ಯಾರು ಮೇಡಂ?”

“ಇವ್ಳೇ ಕಣಪ್ಪ,” ಎಂದು ಮಿಸ್ ನನ್ನನ್ನು ತೋರಿಸಿದರು.

ಅವನು ನನ್ನ ಕಡೆ ತಿರುಗಿ, “ಭಾಳ ಚೆನ್ನಾಗದೆ ಅಮ್ಮಣ್ಣಿ,” ಎಂದ. “ಹನ್ನೊಂದು ತಪ್ಪವೆ.”

ಮಿಸ್ ಗಟ್ಟಿಯಾಗಿ ನಕ್ಕರು. ನನಗೆ ಕಿವಿ ಬಿಸಿಯಾಯಿತು. ಅವನು ಪಟ್ಟಿ ನೋಡದೆ ಬಾಯಲ್ಲೇ ಹನ್ನೊಂದನ್ನೂ ಹೇಳಿದ. ನಾನು ಬರೆದುಕೊಂಡು, ಎರಡು ದಿನ ಬಸ್‌ಸ್ಟ್ಯಾಂಡಿನಲ್ಲಿ ಕೂತು ಒಂದೊಂದನ್ನೂ ಪರೀಕ್ಷಿಸಿದೆ. ಒಂಬತ್ತು ಅವನು ಹೇಳಿದ ಹಾಗೆ ತಪ್ಪಾಗಿದ್ದವು. ಎರಡು ನಾನು ಬರೆದದ್ದೇ ಸರಿ. ಮೂರನೇ ದಿನ ಆ ಎರಡನ್ನು ಹೇಳಿದಾಗ ಅವನು, “ಬುಡು, ಎರಡು ನಿಂದೇ ಗೆದ್ತು,” ಎಂದು ನಕ್ಕುಬಿಟ್ಟ. ಸೋತವನು ಅಷ್ಟು ಸಲೀಸಾಗಿ ನಕ್ಕರೆ ಗೆದ್ದವರಿಗೆ ಏನು ಸಿಕ್ಕಿದ ಹಾಗಾಯಿತು?

ಹಸಿರು ಬಸ್ಸು ಹನ್ನೊಂದೂ ಇಪ್ಪತ್ತಕ್ಕೆ ಬಂದರೆ ಹೊರಡುವುದು ಒಂದೂ ಹತ್ತಕ್ಕೆ. ಬೇರೆ ಕಂಡಕ್ಟರುಗಳು ಆ ಹೊತ್ತಿನಲ್ಲಿ ಸೀಟಿನ ಮೇಲೆ ಕಾಲು ಚಾಚಿ ಮಲಗುತ್ತಾರೆ. ಓಬಳೇಶ್ ದಿನವೂ ಇನ್‌ಸ್ಟಿಟ್ಯೂಟಿಗೆ ಬರತೊಡಗಿದ. ನನ್ನ ಪ್ರೋಗ್ರಾಮನ್ನು ತೆರೆದು ಒಂದೊಂದೇ ಸಾಲನ್ನು, “ಇದ್ಯಾಕ್ ಹಿಂಗೆ ಮೇಡಂ?” ಎಂದು ಕೇಳುತ್ತಿದ್ದ. ನನಗೂ ಬಂದಿದ್ದ ಅನುಮಾನಗಳೇ ಅವು. ನಾನು ಬಾಯಿ ಬಿಟ್ಟು ಕೇಳದೆ, ವಾರಗಟ್ಟಲೆ ಒದ್ದಾಡಿ ಬಿಡಿಸಿಕೊಂಡದ್ದನ್ನು ಅವನು ಒಂದು ಪ್ರಶ್ನೆಯಲ್ಲಿ ಮುಗಿಸುತ್ತಿದ್ದ. ಖಾಲಿಯಾದ ಟಿಕೆಟ್ ಪುಸ್ತಕದ ರಟ್ಟಿನ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆದುಕೊಂಡು, ಬಸ್ಸಿನಲ್ಲಿ ಓದಿಕೊಂಡು ಹೋಗುತ್ತಿದ್ದ.

ನನಗೆ ಹೇಳಿಕೊಡುವಾಗ ಮಿಸ್ ತಮ್ಮ ಕುರ್ಚಿಯಲ್ಲೇ ಕೂತಿರುತ್ತಿದ್ದರು. ಅವನಿಗೆ ಹೇಳಿಕೊಡುವಾಗ ಎದ್ದು ಬಂದು ಹಿಂದೆ ನಿಲ್ಲುತ್ತಿದ್ದರು. ಒಂದು ವಾರ ನಾನು ಎಣಿಸಿದೆ. ಅವನಿಗೆ “ಭೇಷ್” ಎಂದದ್ದು ಹದಿಮೂರು ಸಲ, ನನಗೆ ಎರಡು ಸಲ. ಆ ಎರಡರಲ್ಲಿ ಒಂದು, ಕಸ ಗುಡಿಸಿದ್ದಕ್ಕೆ.

ಫೆಬ್ರವರಿಯಲ್ಲಿ ಅವನ ಮೊದಲ ತೇಪೆ ಬಂತು. ಒಬ್ಬರ ಪ್ರೋಗ್ರಾಮನ್ನು ಇನ್ನೊಬ್ಬರು ತಿದ್ದಿದಾಗ, ಪೂರ್ತಿ ಕಳಿಸದೆ ಬದಲಾದ ಸಾಲುಗಳನ್ನು ಮಾತ್ರ ಇ-ಮೇಲ್‌ನಲ್ಲಿ ಕಳಿಸುತ್ತಾರೆ. ಮೂಲದವರು ಅದನ್ನು ನೋಡಿ, ಸರಿಯಿದ್ದರೆ ಹೊಲಿದುಕೊಳ್ಳಬೇಕು. ಬಟ್ಟೆಗೆ ಹಾಕುವ ಹಾಗೆಯೇ ಇರುವುದರಿಂದ ಮಿಸ್ ಅದನ್ನು ತೇಪೆ ಎನ್ನುತ್ತಿದ್ದರು. ಹೊಲಿಯುವ ಅಧಿಕಾರ, ಎಂದರೆ ವೆಬ್‌ಸೈಟಿನ ಪಾಸ್‌ವರ್ಡ್, ನನ್ನ ಬಳಿ ಇತ್ತು.

ಆ ತೇಪೆಯಲ್ಲಿ ಅರವತ್ತೊಂದು ಹೊಸ ನಿಲ್ದಾಣಗಳಿದ್ದವು. ನಾನು ಊರುಗಳನ್ನಷ್ಟೇ ಬರೆದಿದ್ದೆ. ಅವನು ದಾರಿಯ ಗೇಟು, ಹಟ್ಟಿಯ ಕ್ರಾಸು, ಪಂಪ್‌ಹೌಸು, ಒಂಟಿ ಹುಣಸೇಮರ ಎಲ್ಲವನ್ನೂ ಸೇರಿಸಿದ್ದ. ಜನ ನಿಜವಾಗಿ ಬಸ್ಸು ಹತ್ತುವುದು ಅಲ್ಲಿಯೇ. ತೇಪೆ ಚೆನ್ನಾಗಿತ್ತು. ಅದನ್ನು ಹಾಕಲು ಅರ್ಧ ಗಂಟೆ ಸಾಕಿತ್ತು, ನಾನು ಮೂರು ವಾರ ತೆಗೆದುಕೊಂಡೆ. ಹಾಕಿದ ಮರುವಾರ ವೆಬ್‌ಸೈಟಿನ ಅಭಿಪ್ರಾಯದ ಪುಟದಲ್ಲಿ ಯಾರೋ ಬರೆದರು: “ನಮ್ಮ ಗೇಟನ್ನೂ ಸೇರಿಸಿದ ಓಬಳೇಶಣ್ಣನಿಗೆ ಧನ್ಯವಾದ.” ಅಲ್ಲಿಯವರೆಗೆ ಆ ಪುಟದಲ್ಲಿ ನನ್ನ ಹೆಸರನ್ನು ಯಾರೂ ಬರೆದಿರಲಿಲ್ಲ.

ಏಪ್ರಿಲ್‌ನಲ್ಲಿ ಎರಡನೆಯದು ಬಂತು. ಅದು ಅಮಾವಾಸ್ಯೆಯದು.

ಹಸಿರು ಬಸ್ಸಿನ ಮಾಲೀಕರಿಗೆ ಒಂದು ಹರಕೆಯಿದೆ. ಅಮಾವಾಸ್ಯೆಯ ದಿನ ಬಸ್ಸು ಒಂದೂ ಹತ್ತಕ್ಕೆ ತಿಪಟೂರು ಬಿಟ್ಟರೆ ಸಂಜೆಗೆ ವಾಪಸು ಬರುವುದಿಲ್ಲ. ಹಟ್ಟಿಯ ಜನರನ್ನು ಹತ್ತಿಸಿಕೊಂಡು ದೇವರ ಗುಡಿಗೆ ಹೋಗುತ್ತದೆ. ಆದ್ದರಿಂದ ಆ ದಿನ ಆರೂಕಾಲಿನ ಕೊನೇ ಬಸ್ಸು ಇರುವುದಿಲ್ಲ. ಆ ದಾರಿಯ ಊರುಗಳಿಗೆಲ್ಲ ಇದು ಗೊತ್ತು. ಎಲ್ಲರಿಗೂ ಗೊತ್ತಿರುವುದರಿಂದಲೇ ಯಾರೂ ಎಲ್ಲೂ ಬರೆದಿಲ್ಲ.

“ಅಮಾಸೆ ದಿನ ಆ ಸಾಲು ತೋರಿಸ್ದಂಗೆ ಮಾಡಿದೀನಿ,” ಎಂದು ಓಬಳೇಶ್ ವಿವರಿಸಿದ. “ಇಪ್ಪತ್ತೆರಡೇ ಸಾಲು ಅಮ್ಮಣ್ಣಿ.”

“ಪ್ರೋಗ್ರಾಮಿಗೆ ವಾರ ಗೊತ್ತು. ತಿಥಿ ಗೊತ್ತಿಲ್ಲ,” ಎಂದೆ.

“ಗೊತ್ತು ಮಾಡ್ಸಿದೀನಲ್ಲ. ಕ್ಯಾಲೆಂಡರ್ ನೋಡ್ಕಂಡು ತಾರೀಕು ಹಾಕಿದೀನಿ.”

“ಮುಂದಿನ ವರ್ಷ?”

“ಮುಂದಿನ್ ವರ್ಷದ ಕ್ಯಾಲೆಂಡರ್ ಅಂಗ್ಡಿಗೆ ಬರಲ್ವಾ? ಆಗ ಹಾಕದು.”

“ಒಂದು ಬಸ್ಸಿಗೆ ಒಂದು ನಿಯಮ ಅಂತ ಮಾಡ್ತಾ ಹೋದರೆ ಎಲ್ಲಾ ಗಲೀಜಾಗ್ತದೆ,” ಎಂದೆ. ಅವನೊಂದಿಗೆ ನಾನು ಆಡಿದ್ದರಲ್ಲಿ ಅದೇ ಅತಿ ಉದ್ದದ ಮಾತು. ಕಾರಣ ಸುಳ್ಳಲ್ಲ. ಆದರೆ ಆ ಕಾರಣಕ್ಕಾಗಿ ಬೇಡವೆಂದದ್ದಲ್ಲ. ಈ ತೇಪೆಯನ್ನೂ ಹಾಕಿದರೆ ಪಟ್ಟಿ ಇನ್ನು ಅವನದೇ ಆಗಿಹೋಗುತ್ತದೆ ಎಂದು ನನಗೆ ಹೆದರಿಕೆ.

ಅವನು ಮಿಸ್ ಮುಖ ನೋಡಿದ. “ಪಟ್ಟಿ ಅವ್ಳದು ಕಣಪ್ಪ. ಅವ್ಳೇ ನೋಡ್ಲಿ,” ಎಂದರು. ಅವನು ಬಸ್ಸಿಗೆ ಹೋದ ಮೇಲೆ ನನ್ನನ್ನು ಕರೆದು ಮೆತ್ತಗೆ ಹೇಳಿದರು: “ನೀನು ಹಾಕ್ದೇ ಇದ್ರೆ ಅವ್ನು ಇದರದ್ದೇ ಇನ್ನೊಂದು ಪ್ರತಿ ಮಾಡ್ಕಂಡು ಬೇರೆ ನಡೆಸ್ಬೋದು. ತಡೆಯಕ್ಕಾಗಲ್ಲ. ಲೈಸೆನ್ಸ್ ಹಾಕಿದ್ದು ನೀನೇ.”

ಅಲ್ಲಿಯವರೆಗೆ ಆ ಲೈಸೆನ್ಸನ್ನು ನಾನು ಒಂದು ಒಳ್ಳೆಯ ಮಾತೆಂದು ಮಾತ್ರ ತಿಳಿದಿದ್ದೆ. ಅದು ನನ್ನ ಮನೆಯ ಬಾಗಿಲಿನ ಬೀಗ ತೆಗೆದಿಡುವ ಮಾತೆಂದು ಆಗ ಗೊತ್ತಾಯಿತು.

ಮೇ ತಿಂಗಳಲ್ಲಿ ನಾನು ಆರ್ಕುಟ್ ಸೇರಿದೆ. ಊರಿನ ಕಾಲೇಜಿನವರೆಲ್ಲ ಆಗ ಅಲ್ಲಿದ್ದರು. ನಮ್ಮ ವೆಬ್‌ಸೈಟಿಗೆ ದಿನಕ್ಕೆ ಇಪ್ಪತ್ತು ಜನ ಬಂದರೆ ಹೆಚ್ಚು. ಅಲ್ಲಿ ತಿಪಟೂರಿನವರದೇ ಒಂದು ಗುಂಪು, ಸಾವಿರಕ್ಕೂ ಮೇಲೆ ಜನ. ಪಟ್ಟಿಯನ್ನು ಎರಡು ಪುಟದ ಚಿತ್ರ ಮಾಡಿ, ಕೆಳಗೆ ದೊಡ್ಡದಾಗಿ “ದಿವ್ಯ ಎಸ್.” ಎಂದು ಬರೆದು, ನನ್ನ ಆಲ್ಬಮ್ಮಿಗೆ ಹಾಕಿ ಗುಂಪಿನಲ್ಲಿ ತಿಳಿಸಿದೆ. ಅದು ಚಿತ್ರವಾದ್ದರಿಂದ ಯಾರೂ ತಿದ್ದಲು ಬರುವುದಿಲ್ಲ, ಯಾರೂ ತೇಪೆ ಕಳಿಸಲು ಬರುವುದಿಲ್ಲ. ಅದಕ್ಕೇ ಹಾಗೆ ಮಾಡಿದ್ದು. ನೂರ ನಲವತ್ತಮೂರು ಜನ ಹೊಗಳಿ ಬರೆದರು. ಮುಖ ಕಾಣದ ಜನರ ಹೊಗಳಿಕೆ ನನಗೆ ತುಂಬ ಹಿತವಾಗಿತ್ತು, ಅವರಿಗೆ ಉತ್ತರ ಹೇಳಲು ಬಾಯಿ ಬೇಕಿರಲಿಲ್ಲ. ಓಬಳೇಶನ ಹೆಸರು ಅಲ್ಲಿ ಎಲ್ಲೂ ಇರಲಿಲ್ಲ. ಅವನು ಕೊಟ್ಟ ಅರವತ್ತೊಂದು ನಿಲ್ದಾಣ ಮಾತ್ರ ಇದ್ದವು.

ಅದನ್ನು ಯಾರೋ ಪ್ರಿಂಟ್ ತೆಗೆದರು. ಬಸ್‌ಸ್ಟ್ಯಾಂಡಿನ ಟೀ ಅಂಗಡಿ ಶಿವಣ್ಣ ಅದಕ್ಕೆ ಲ್ಯಾಮಿನೇಷನ್ ಮಾಡಿಸಿ ಕಂಬಕ್ಕೆ ಅಂಟಿಸಿದ. ನಾನು ಆ ಕಂಬದ ಮುಂದೆ ದಿನಕ್ಕೊಂದು ಸಲ ಹಾದು ಹೋಗುತ್ತಿದ್ದೆ.

ಓಬಳೇಶನೂ ನೋಡಿದ. ಇನ್‌ಸ್ಟಿಟ್ಯೂಟಿಗೆ ಬಂದು, “ಕಂಬದ್ ಮೇಲೆ ಅಮ್ಮಣ್ಣಿ ಹೆಸ್ರು ಜೋರಾಗದೆ ಮೇಡಂ, ಎಲೆಕ್ಷನ್ನಿಗೇನಾದ್ರೂ ನಿಂತವ್ಳಾ?” ಎಂದು ನಗಾಡಿದ. ಬೇರೆ ಪ್ರತಿಯನ್ನೇನೂ ಮಾಡಿಕೊಳ್ಳಲಿಲ್ಲ. ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ಮಾತ್ರ, “ಇವತ್ತು ಆರೂಕಾಲು ಇಲ್ಲ, ನೆನಪೈತಾ?” ಎಂದು ಕೇಳಿ ಹೋಗುತ್ತಿದ್ದ. ನಾನು ಕೀಬೋರ್ಡಿನ ಮೇಲಿಂದ ಕಣ್ಣೆತ್ತುತ್ತಿರಲಿಲ್ಲ.

ಸೆಪ್ಟೆಂಬರ್ ಹನ್ನೊಂದು, ಮಂಗಳವಾರ. ಗೌರಿ ಹಬ್ಬಕ್ಕೆ ಇನ್ನು ಮೂರು ದಿನ. ಅವತ್ತೂ ಅವನು ಬಂದು ಹಾಗೆಯೇ ಕೇಳಿದ, ನಾನೂ ಹಾಗೆಯೇ ಕೂತಿದ್ದೆ. ಸಂಜೆ ಆರೂಮುಕ್ಕಾಲಿಗೆ ಇನ್‌ಸ್ಟಿಟ್ಯೂಟ್ ಬಾಗಿಲು ಹಾಕಿಕೊಂಡು ಹೊರಟೆ. ಶಿವಣ್ಣನ ಅಂಗಡಿಯ ಕಂಬದ ಕೆಳಗೆ ಒಬ್ಬ ಅಜ್ಜಿ ಕೂತಿದ್ದಳು. ಒಂದು ಕಣ್ಣಿಗೆ ಬಿಳಿ ಬಟ್ಟೆ ಕಟ್ಟಿತ್ತು. ಮಡಿಲಲ್ಲಿ ಔಷಧಿಯ ಕವರು. ಬರುವ ಒಂದೊಂದು ಬಸ್ಸಿನ ಕಡೆಗೂ ಇನ್ನೊಂದು ಕಣ್ಣನ್ನು ಕಿರಿದು ಮಾಡಿ ನೋಡುತ್ತಿದ್ದಳು.

ದಾಟಿ ಹೋಗಿಬಿಡಬಹುದಿತ್ತು. ನಾಲ್ಕು ಹೆಜ್ಜೆ ಹೋಗಿಯೂ ಇದ್ದೆ. ವಾಪಸು ಬಂದು ಕೇಳಿದೆ.

“ಎಲ್ಲಿಗಜ್ಜಿ?”

“ಹಂದನಕೆರೆ ತಾವ ಕಣವ್ವ. ಆರೂಕಾಲಿನ ಹಸ್ರು ಬಸ್ಸು. ಇವತ್ತು ತಡ ಮಾಡವ್ನೆ.”

“ಇವತ್ತು ಅಮಾವಾಸ್ಯೆ,” ಎಂದೆ.

“ಅಮಾಸೆ ದಿನ ಬರಕಿಲ್ಲ ಅಂತ ನಂಗೊತ್ತಿಲ್ವಾ?” ಎಂದು ಅಜ್ಜಿ ರೇಗಿದಳು. “ಐದ್ ಗಂಟೆ ಗೌರ್ಮೆಂಟ್ ಬಸ್ ಹತ್ತಕ್ಕೆ ಕಾಲಿಟ್ಟಿದ್ದೆ. ಜನ ಕಿಕ್ಕಿರಿದಿದ್ರು. ಈ ಟೀ ಅಂಗ್ಡಿಯವ್ನ ಕೇಳ್ದೆ. ಓದಿ ಹೇಳ್ದ, ಆರೂಕಾಲ್ಗೆ ದಿನಾ ಐತೆ ಅಂತ ಬರ್ದವ್ರೆ ಅಂತ. ಬರ್ದವ್ರೆ ಅಂದ್ಮೇಲೆ ಮಾಲೀಕ್ರು ಈಗ ಬದ್ಲಾಯ್ಸವ್ರೇನೋ ಅಂದ್ಕಂಡೆ. ಇದ್ರಲ್ಲಾದ್ರೆ ನಮ್ ಓಬಳೇಶ ಕೂರಿಸ್ಕಂಡ್ ಹೋಯ್ತಾನೆ. ಓದ್ದೋರು ಸುಳ್ ಬರೀತಾರಾ?”

ಅವಳಿಗೆ ಸರಿ ಗೊತ್ತಿತ್ತು. ತನಗೆ ಗೊತ್ತಿದ್ದುದನ್ನು ಬಿಟ್ಟು ನನ್ನ ಅಕ್ಷರವನ್ನು ನಂಬಿದ್ದಳು. ಆ ಅಕ್ಷರದ ಕೆಳಗೆ ನನ್ನ ಹೆಸರು ದೊಡ್ಡದಾಗಿ ಇತ್ತು. ಆ ಹೊತ್ತಿನಲ್ಲೂ “ನಮ್ ಓಬಳೇಶ” ಎಂಬ ಮಾತು ನನಗೆ ಮುಳ್ಳಿನಂತೆ ತಾಗಿತು ಎಂಬುದನ್ನೂ ಇಲ್ಲಿ ಬರೆಯಬೇಕು, ಏಕೆಂದರೆ ಅದು ನಿಜ.

ಅಜ್ಜಿಯ ಹೆಸರು ಪುಟ್ಟಗಂಗಮ್ಮ. ಕಣ್ಣಿನ ಪೊರೆ ತೆಗೆಸಿಕೊಂಡು ಎರಡು ದಿನವಾಗಿತ್ತು, ತೋರಿಸಲು ಒಬ್ಬಳೇ ಬಂದಿದ್ದಳು. ಅವಳ ಕೈ ಹಿಡಿದು ನಮ್ಮ ಮನೆಗೆ ಕರೆತಂದೆ. ಅಮ್ಮ 'ಯಾರು, ಏನು' ಎಂದು ಕೇಳುವ ಮೊದಲೇ ಚಾಪೆ ಹಾಸಿದಳು. ಕೇಳಿದ ಮೇಲೆ, “ಬಾರವ್ವ, ಒಳಕ್ ಬಾ. ಇವ್ಳು ಬಸ್ಸು ಬರ್ದು ಬರ್ದು ಒಂದಿನ ಬಸ್ಸನ್ನೇ ಮನೇಗ್ ತತ್ತಾಳೆ ಅಂದ್ಕಂಡಿದ್ದೆ. ಪ್ಯಾಸೆಂಜರ್ನ ಕರ್ಕಂಡ್ ಬಂದವ್ಳೆ,” ಎಂದಳು. ಪುಟ್ಟಗಂಗಮ್ಮ ನಕ್ಕಳು. ನಗುವಾಗ ಕಟ್ಟಿದ ಕಣ್ಣಿಗೆ ನೋವಾಗಿ ಕೈಯಿಂದ ಒತ್ತಿ ಹಿಡಿದಳು. ಆಮೇಲೆ, “ಸೊಸೆ ಗೇಟಿನ್ ತಾವ ಬಂದು ಕಾಯ್ತಿರ್ತಾಳೆ,” ಎಂದು ನೆನೆದು ಸಪ್ಪಗಾದಳು.

ಅವಳ ಮನೆಯಲ್ಲಿ ಫೋನಿಲ್ಲ. ಯಾರಿಗೆ ಹೇಳಿದರೆ ಸುದ್ದಿ ಮುಟ್ಟುತ್ತದೆ ಎಂಬುದು ನನಗೆ ಗೊತ್ತಿತ್ತು. ತೇಪೆಯ ಕೊನೆಯಲ್ಲಿ ಅವನು ಬರೆಯುತ್ತಿದ್ದ ಮೊಬೈಲ್ ನಂಬರ್ ಬಾಯಿಪಾಠವೇ ಆಗಿತ್ತು. ಬೀದಿಯ ತುದಿಯ ಕಾಯಿನ್ ಫೋನಿಗೆ ಹೋಗಿ ನಿಂತೆ. ನನಗಿಂತ ಮುಂದೆ ಯಾರೂ ಇರಲಿಲ್ಲ. ಆದರೂ ಐದು ನಿಮಿಷ ನಿಂತೇ ಇದ್ದೆ.

ಅತ್ತಲಿಂದ ಗುಡಿಯ ಗದ್ದಲ ಕೇಳಿಸಿತು. “ಯಾರು?”

“ದಿವ್ಯ. ಇನ್‌ಸ್ಟಿಟ್ಯೂಟಿನ ದಿವ್ಯ.”

“ಅಮ್ಮಣ್ಣಿ! ಏನಾಯ್ತು?”

ಹೇಳಿದೆ. ಕಂಬದ ಪಟ್ಟಿಯನ್ನು ಓದಿಸಿಕೊಂಡು ಕೂತಿದ್ದಳು ಎಂಬುದನ್ನೂ ಬಿಡದೆ ಹೇಳಿದೆ.

“ಕಣ್ಗೆ ಡ್ರಾಪ್ಸ್ ಎಷ್ಟೊತ್ಗೆ ಬುಡ್ಬೇಕು ಅಂತ ಚೀಟಿಲಿ ಇರ್ತದೆ, ನೋಡಿ ಬುಡು,” ಎಂದ. “ಸೊಸೆಗೆ ನಾನೀಗ್ಲೇ ಹೇಳ್ಕಳಿಸ್ತೀನಿ. ನಾಳೆ ಅಜ್ಜಿನ ನಿಮ್ಮಲ್ಲೇ ಇಟ್ಕಂಡಿರು. ಒಂದೂ ಹತ್ಕೆ ನಾನೇ ಹತ್ತಿಸ್ಕಂಡ್ ಹೋಯ್ತೀನಿ.”

ಪಟ್ಟಿಯ ಬಗ್ಗೆ ಒಂದು ಮಾತೂ ಇಲ್ಲ. ಅವನು ಬೈದಿದ್ದರೆ ಚೆನ್ನಾಗಿತ್ತು. ಬೈದಿದ್ದರೆ ಅವನ ಮೇಲೆ ಸಿಟ್ಟು ಮಾಡಿಕೊಂಡು ಹಗುರಾಗಬಹುದಿತ್ತು. ಅವನ ತೇಪೆಗಳಿಗೆ, ಮಿಸ್ ಹೇಳುವ ಭೇಷ್‌ಗೆ ಹೊಟ್ಟೆ ಉರಿದುಕೊಂಡವಳು ಇನ್ನು ಅವನ ಒಳ್ಳೆಯತನಕ್ಕೂ ಉರಿದುಕೊಳ್ಳಬೇಕಾಯಿತು.

ಬೆಳಿಗ್ಗೆ ಎಂಟು ಗಂಟೆಗೆಲ್ಲ ಇನ್‌ಸ್ಟಿಟ್ಯೂಟಿಗೆ ಹೋಗಿ ಹಳೇ ನೋಟ್‌ಬುಕ್ಕು ತೆಗೆದೆ. ಆರೂಕಾಲಿನ ಹಸಿರು ಬಸ್ಸಿನ ಪಕ್ಕದಲ್ಲಿ ತಿಂಗಳಿಗೊಂದರಂತೆ ನಾಲ್ಕು ಕಡೆ “ಕೆಟ್ಟಿರಬೇಕು” ಎಂದಿತ್ತು. 2006ರ ಜೂನ್ ಇಪ್ಪತ್ತೈದು, ಆಗಸ್ಟ್ ಇಪ್ಪತ್ತಮೂರು, ಹೀಗೆ. ಹಿಂದಿನ ವರ್ಷದ ಕ್ಯಾಲೆಂಡರ್ ಇನ್ನೂ ಬಾಗಿಲ ಹಿಂದೆ ನೇತಾಡುತ್ತಿತ್ತು. ನಾಲ್ಕೂ ಅಮಾವಾಸ್ಯೆ. ಅವನು ಹೇಳುವುದಕ್ಕೆ ಎಷ್ಟೋ ಮೊದಲೇ ಅದು ನನ್ನ ಕೈಬರಹದಲ್ಲೇ ಇತ್ತು. ಪಕ್ಕದಲ್ಲಿ ನಿಂತ ಯಾವ ಕಂಡಕ್ಟರನ್ನಾದರೂ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಏಪ್ರಿಲ್ ತಿಂಗಳ ತೇಪೆಯನ್ನು ತೆರೆದೆ. ಅವಸರದಲ್ಲಿ ಹಾಕಬಾರದೆಂದು ಅವನು ಹಾಕಿದ್ದ ತಾರೀಕುಗಳನ್ನು ಒಂದೊಂದಾಗಿ ಕ್ಯಾಲೆಂಡರಿನೊಂದಿಗೆ ಹೋಲಿಸಿದೆ. ಅಕ್ಟೋಬರಿನದು ತಪ್ಪಾಗಿತ್ತು. ಕ್ಯಾಲೆಂಡರಿನಲ್ಲಿ ಹನ್ನೊಂದು, ಅವನು ಹತ್ತು ಎಂದು ಬರೆದಿದ್ದ. ಎಷ್ಟು ಖುಷಿಯಾಯಿತು ಎಂದರೆ, ನಾಚಿಕೆಯಾಗುವಷ್ಟು. ಹನ್ನೊಂದೂ ಇಪ್ಪತ್ತಾಗುವುದನ್ನೇ ಕಾಯುತ್ತ ಕೂತೆ.

ಅವನು ಬಂದ ಕೂಡಲೇ ಹೇಳಿದೆ. “ಅಕ್ಟೋಬರ್ ತಪ್ಪಿದೆ.”

“ಇಲ್ಲ ಅಮ್ಮಣ್ಣಿ. ಆ ಸಲ ಅಮಾಸೆ ಎರಡು ದಿನಕ್ಕೂ ಬತ್ತದೆ. ಹನ್ನೊಂದ್ನೇ ತಾರೀಕು ಬೆಳಿಗ್ಗೆನೇ ಮುಗ್ದೋಯ್ತದೆ. ಸಂಜೆಗೆ ಅಮಾಸೆ ಇರಾದು ಹತ್ನೇ ತಾರೀಕೇ. ಮಾಲೀಕ್ರು ಸಂಜೇದ್ನೇ ತಗಳಾದು.”

ಕುರ್ಚಿಯಲ್ಲಿದ್ದ ಮಿಸ್, “ಭೇಷ್,” ಎಂದರು. ಎದ್ದು ಬರಲಿಲ್ಲ ಎಂಬುದಷ್ಟೇ ನನಗೆ ಸಮಾಧಾನ.

ಅವನ ಎದುರಿನಲ್ಲೇ ತೇಪೆ ಹಾಕಿದೆ. ನಾಲ್ಕು ನಿಮಿಷ ಹಿಡಿಯಿತು. ಐದು ತಿಂಗಳು ತಡೆದಿಟ್ಟ ನಾಲ್ಕು ನಿಮಿಷ. ಮೊದಲ ಸಾಲಿನ ನನ್ನ ಹೆಸರಿನ ಕೆಳಗೆ “ಓಬಳೇಶ್ ಕೆ., ಹಂದನಕೆರೆ” ಎಂದು ಸೇರಿಸಿದೆ. ಮೇಲೆ ಹಾಕಲು ಕೈ ಬರಲಿಲ್ಲ. ಅವನು ಮೇಲೆ ಕೆಳಗೆ ನೋಡಲೇ ಇಲ್ಲ. ಹೆಸರು ಕಂಡು, “ಕೆ ಯಾಕೆ? ಕ್ಯಾತಣ್ಣ ಅಂತ ಪೂರಾ ಬರಿ. ನಮ್ಮಪ್ಪಂಗೆ ತೋರಿಸ್ತೀನಿ,” ಎಂದ. ಪೂರಾ ಬರೆದೆ. ಈಗ ಅವನ ಸಾಲು ನನ್ನದಕ್ಕಿಂತ ಉದ್ದವಾಯಿತು.

ಆಮೇಲೆ ಒಂದು ಚೀಟಿಯಲ್ಲಿ ವೆಬ್‌ಸೈಟಿನ ಪಾಸ್‌ವರ್ಡ್ ಬರೆದು ಅವನ ಮುಂದಿಟ್ಟೆ.

“ಇದ್ಯಾಕೆ ನಂಗೆ? ನೀನೇ ಹಾಕ್ತೀಯಲ್ಲ.”

“ನಾನು ಇನ್ನೊಂದು ಸಲ ಹಾಕದೆ ಇದ್ದರೆ?” ಎಂದೆ. “ಆಗ ನೀವೇ ಹಾಕಬಹುದು.”

ಅವನು ಚೀಟಿಯನ್ನೂ ನನ್ನನ್ನೂ ನೋಡಿದ. ಯಾಕೆ ಹಾಕಿರಲಿಲ್ಲ ಎಂಬುದು ಅವನಿಗೆ ಆಗ ಗೊತ್ತಾಯಿತೋ, ಮೊದಲೇ ಗೊತ್ತಿತ್ತೋ, ನನಗೆ ತಿಳಿಯದು. ಚೀಟಿಯನ್ನು ಮಡಚಿ ಟಿಕೆಟ್ ಚೀಲದ ಒಳಜೇಬಿಗೆ ಹಾಕಿಕೊಂಡ. ಒಂದು ಗಂಟೆಗೆ ನಮ್ಮ ಮನೆಗೆ ಬಂದು ಪುಟ್ಟಗಂಗಮ್ಮನನ್ನು ಕೈ ಹಿಡಿದು ನಡೆಸಿಕೊಂಡು ಹೋಗಿ, ಡ್ರೈವರ್ ಹಿಂದಿನ ಸೀಟಿನಲ್ಲಿ ಗಾಳಿ ಬಡಿಯದ ಕಡೆ ಕೂರಿಸಿದ.

ಅವತ್ತೇ ಆರ್ಕುಟ್ಟಿನ ಚಿತ್ರ ಅಳಿಸಿ, ಅದರಲ್ಲಿ ತಪ್ಪಿತ್ತೆಂದೂ ಸರಿಯಾದದ್ದು ನಮ್ಮ ವೆಬ್‌ಸೈಟಿನಲ್ಲಿದೆಯೆಂದೂ ಗುಂಪಿನಲ್ಲಿ ಬರೆದೆ. ಹೊಗಳಲು ನೂರ ನಲವತ್ತಮೂರು ಜನ ಇದ್ದರು. ಇದಕ್ಕೆ ಮೂರು ಜನ ಉತ್ತರ ಬರೆದರು. ಕಂಬದ ಪಟ್ಟಿಯನ್ನು ಕೀಳಲು ಹೋದಾಗ ಶಿವಣ್ಣ, “ಏನವ್ವಾ ಇದು, ಲ್ಯಾಮಿನೇಷನ್ ಮಾಡ್ಸಿವ್ನಿ!” ಎಂದು ಕೂಗಾಡಿದ. ಹೊಸದನ್ನು ಪ್ರಿಂಟ್ ತೆಗೆದು, ಮೇಲೆ ತಾರೀಕು ಹಾಕಿ, ತಿಂಗಳಿಗೊಮ್ಮೆ ಬದಲಿಸುತ್ತೇನೆಂದು ಒಪ್ಪಿಕೊಂಡ ಮೇಲೆ ಸುಮ್ಮನಾದ. ಅದಕ್ಕೆ ಲ್ಯಾಮಿನೇಷನ್ ಬೇಡವೆಂದೆ.

ಈಗ ಎರಡು ವರ್ಷವಾಯಿತು. ಓಬಳೇಶ್ ಇನ್ನೂ ಹಸಿರು ಬಸ್ಸಿನಲ್ಲಿದ್ದಾನೆ. ಆ ಚೀಟಿಯ ಪಾಸ್‌ವರ್ಡನ್ನು ಒಂದು ಸಲವೂ ಬಳಸಿಲ್ಲ, ತೇಪೆಯನ್ನು ಈಗಲೂ ನನಗೇ ಕಳಿಸುತ್ತಾನೆ. ಬೇರೆ ಬಸ್ಸಿನ ಕಂಡಕ್ಟರುಗಳು ಟಿಕೆಟ್ಟಿನ ಹಿಂದೆ ಬದಲಾವಣೆ ಬರೆದು ಅವನ ಕೈಗೆ ಕೊಡುತ್ತಾರೆ. ತುರುವೇಕೆರೆಯಲ್ಲಿ ಒಬ್ಬರು ನಮ್ಮ ಪ್ರೋಗ್ರಾಮನ್ನೇ ತೆಗೆದುಕೊಂಡು ತಮ್ಮ ಬಸ್‌ಸ್ಟ್ಯಾಂಡಿಗೆ ಬೇರೆ ಮಾಡಿಕೊಂಡಿದ್ದಾರೆ. ಪ್ರತಿ ವರ್ಷ ಕೊನೆಗೆ ಹೊಸ ಕ್ಯಾಲೆಂಡರ್ ಬಂದ ದಿನ ಅವನೂ ನಾನೂ ಬೇರೆ ಬೇರೆ ಕೂತು ಅಮಾವಾಸ್ಯೆಗಳನ್ನು ಬರೆದು, ಆಮೇಲೆ ಹೋಲಿಸಿ ನೋಡುತ್ತೇವೆ. ಹೋದ ವರ್ಷ ಎರಡೂ ಒಂದೇ ಆಗಿದ್ದವು.

ಜನ ಅದನ್ನು ಓಬಳೇಶನ ಪಟ್ಟಿ ಎನ್ನುತ್ತಾರೆ. ನನ್ನದೆಂದು ಹೇಳಿದವರನ್ನು ನಾನು ಕೇಳಿಲ್ಲ. ಅದು ನನಗೆ ಈಗಲೂ ಚುಚ್ಚುತ್ತದೆ. ಕಡಿಮೆಯಾಗುತ್ತದೆ ಎಂದು ಮಿಸ್ ಹೇಳಿದ್ದರು, ಅಷ್ಟೇನೂ ಕಡಿಮೆಯಾಗಿಲ್ಲ.

ಹೋದ ವಾರ ಹೊಸ ಹಾಳೆ ಅಂಟಿಸುತ್ತಿದ್ದಾಗ ಮಗುವನ್ನು ಎತ್ತಿಕೊಂಡಿದ್ದ ಒಬ್ಬ ಹೆಂಗಸು ಹತ್ತಿರ ಬಂದು, “ಓಬಳೇಶನ್ ಪಟ್ಟಿ ಅಂದ್ರೆ ಇದೇನಾ?” ಎಂದು ಕೇಳಿದಳು. ಹೌದು ಎನ್ನಲು ನನಗೆ ಬಾಯಿ ಬರಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ.

“ನೀವು ಯಾವ ಊರಿಗೆ ಹೋಗ್ಬೇಕು?” ಎಂದು ಕೇಳಿ, ಆ ಸಾಲಿನ ಮೇಲೆ ಬೆರಳಿಟ್ಟೆ.